ಕ್ಯಾರವಾನ್ ಬ್ಯಾಟರಿಯಲ್ಲಿ ಕೆಟಲ್, ಹೀಟಿಂಗ್ ಪ್ಯಾಡ್ ಓಡಿಸಬಹುದಾ? ದೊಡ್ಡ ಇನ್ವರ್ಟರ್ ಹಾಕಿದರೆ ಸಾಕಾ?

ನೀವು ಬರೆದಿರುವುದು ಇಷ್ಟು: ಕಾರಿನ ಹಿಂದೆ ಕಟ್ಟಿ ಎಳೆಯುವ ಚಿಕ್ಕ ಕ್ಯಾರವಾನ್ ಇದೆ. ಒಳಗೆ ಮನೆಯಲ್ಲಿದ್ದ 900 ವಿಎ ಇನ್ವರ್ಟರ್, 12 ವೋಲ್ಟ್ 150 ಎಎಚ್ (ಆಂಪ್-ಅವರ್) ಟ್ಯೂಬುಲರ್ ಬ್ಯಾಟರಿ. ಲೈಟು, ಫ್ಯಾನು, ಫೋನ್ ಚಾರ್ಜಿಂಗ್ ಎಲ್ಲ ಸರಾಗ. ಕೆಟಲ್ ಹಾಕಿದ ತಕ್ಷಣ ಓವರ್‌ಲೋಡ್ ಅಂತ ಕೂಗಿ ಆಫ್ ಆಗುತ್ತದೆ. ಬೆಳಗ್ಗೆ ಕಾಫಿಗೆ ನೀರು, ಮಗುವಿನ ಹಾಲು, ಊಟಿ ಚಳಿಯಲ್ಲಿ ಅಮ್ಮನ ಬೆನ್ನಿಗೆ ಹೀಟಿಂಗ್ ಪ್ಯಾಡ್, ಇಷ್ಟಾದರೆ ಸಾಕು. 2000 ವ್ಯಾಟ್ ಇನ್ವರ್ಟರ್ ತಂದರೆ ಸರಿಹೋಗುತ್ತಾ?

ಸರಿಹೋಗಲ್ಲ. ಇನ್ವರ್ಟರ್ ಮಾತ್ರ ದೊಡ್ಡದು ಮಾಡಿದರೆ ಮೂಗಿಗಿಂತ ಮೂಗುತಿ ಭಾರ. ಈಗ ಇನ್ವರ್ಟರ್ ತಡೆದುಕೊಳ್ಳುತ್ತಿಲ್ಲ, ಆಮೇಲೆ ವೈರು ತಡೆದುಕೊಳ್ಳಲ್ಲ, ಅದನ್ನೂ ಬದಲಾಯಿಸಿದರೆ ಬ್ಯಾಟರಿ ಕೈಕೊಡುತ್ತದೆ. ನಾನು ಬೆಂಗಳೂರಿನ ಪೀಣ್ಯ ಕಡೆ ಗಾಡಿಗಳ ವೈರಿಂಗ್ ಕೆಲಸ ಮಾಡುವವನು. ಟೆಂಪೋ ಟ್ರಾವೆಲರನ್ನು ಕ್ಯಾಂಪರ್ ಮಾಡಿಸಿಕೊಳ್ಳಲು ಬರುವವರೂ ಮೊದಲು ಕೇಳುವುದು ಕೆಟಲ್ ಬಗ್ಗೆಯೇ.

ಬಿಸಿ ಮಾಡುವ ಸಾಮಾನುಗಳಲ್ಲಿ ಎರಡು ಜಾತಿ. ಕೆಟಲ್, ಐರನ್ ಬಾಕ್ಸ್, ಹೇರ್ ಡ್ರೈಯರ್, ಇಂಡಕ್ಷನ್ ಸ್ಟವ್ ಇವೆಲ್ಲ ಸ್ವಲ್ಪ ಹೊತ್ತು ಮಾತ್ರ, ಆದರೆ ಜೋರಾಗಿ ಎಳೆಯುತ್ತವೆ. ಹೀಟಿಂಗ್ ಪ್ಯಾಡ್, ಎಲೆಕ್ಟ್ರಿಕ್ ಬ್ಲಾಂಕೆಟ್ ಮೆಲ್ಲಗೆ ಎಳೆಯುತ್ತವೆ, ಆದರೆ ರಾತ್ರಿಯಿಡೀ. ಮೊದಲನೆಯದಕ್ಕೆ ಒಂದೇ ಸಲಕ್ಕೆ ಜಾಸ್ತಿ ಆಂಪ್ಸ್ ಕೊಡುವ ತಾಕತ್ತು ಬೇಕು. ಎರಡನೆಯದಕ್ಕೆ ದಾಸ್ತಾನು ಬೇಕು. ನಿಮಗೆ ಎರಡೂ ಜಾತಿ ಬೇಕಾಗಿದೆ, ಹಾಗಾಗಿ ಬೇರೆ ಬೇರೆಯಾಗಿ ನೋಡೋಣ.

ಮೊದಲು ಕೆಟಲ್. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಲು ಸುಮಾರು 84 ವ್ಯಾಟ್-ಅವರ್ ಬೇಕು. ಒಂದು ವ್ಯಾಟ್ ಒಂದು ಗಂಟೆ ಎಳೆದರೆ ಒಂದು ವ್ಯಾಟ್-ಅವರ್. (ಬೆಂಗಳೂರು 900 ಮೀಟರ್‌ಗಿಂತ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಊಟಿಯಲ್ಲಿ 93ರ ಆಸುಪಾಸು. ಕುಕ್ಕರ್ ಇಲ್ಲದೆ ಅಲ್ಲಿ ಬೇಳೆ ಬೇಯಿಸಲು ಹೋಗಬೇಡಿ.) ಕೆಟಲ್ ಮೈಗೆ ಹೋಗುವ ಬಿಸಿ, ಇನ್ವರ್ಟರ್ ನುಂಗುವುದು ಎಲ್ಲ ಸೇರಿಸಿದರೂ ಬ್ಯಾಟರಿಯಿಂದ ಹೋಗುವುದು 110 ವ್ಯಾಟ್-ಅವರ್ ಇರಬಹುದು. ಅಂದರೆ ನಿಮ್ಮ 150 ಎಎಚ್‌ನಲ್ಲಿ ಬರೀ 9-10 ಎಎಚ್. ಲೆಕ್ಕದಲ್ಲಿ ಏನೇನೂ ಅಲ್ಲ, ಅಲ್ವಾ? ಕೆಟಲ್ ಬ್ಯಾಟರಿ ಖಾಲಿ ಮಾಡುತ್ತದೆ ಅನ್ನುವವರ ಮಾತು ಅರ್ಧ ಸುಳ್ಳು.

ತೊಂದರೆ ಇರುವುದು ಅಷ್ಟನ್ನೂ ನಾಲ್ಕೇ ನಿಮಿಷದಲ್ಲಿ ಕೇಳುವುದರಲ್ಲಿ. 1500 ವ್ಯಾಟ್ ಕೆಟಲ್ ಮನೆಯ 230 ವೋಲ್ಟ್‌ನಲ್ಲಿ ಆರೂವರೆ ಆಂಪ್ಸ್ ಎಳೆಯುತ್ತದೆ. ಅದೇ ಕೆಟಲ್ 12 ವೋಲ್ಟ್ ಬ್ಯಾಟರಿ ಕಡೆ, ಇನ್ವರ್ಟರ್ ನುಂಗುವುದೂ ಸೇರಿ, ಸುಮಾರು 145 ಆಂಪ್ಸ್ ಎಳೆಯುತ್ತದೆ. ಬ್ಯಾಟರಿ ಮೇಲೆ 150 ಎಎಚ್ ಅಂತ ಬರೆದಿರುವುದು ಸಾಮಾನ್ಯವಾಗಿ 20 ಗಂಟೆಯ ಲೆಕ್ಕ, ಅಂದರೆ ಇಪ್ಪತ್ತು ಗಂಟೆ ಏಳೂವರೆ ಆಂಪ್ಸ್‌ನಂತೆ ನಿಧಾನವಾಗಿ ತೆಗೆದರೆ ಮಾತ್ರ ಅಷ್ಟು ಸಿಗುತ್ತದೆ. ಅದರ ಇಪ್ಪತ್ತು ಪಟ್ಟು ಎಳೆದರೆ ವೋಲ್ಟೇಜ್ ದಬಕ್ಕನೆ ಕುಸಿಯುತ್ತದೆ. ಬ್ಯಾಟರಿ ತುಂಬಿದ್ದರೂ ಇನ್ವರ್ಟರ್ 'ಲೋ ಬ್ಯಾಟರಿ' ಅಂತ ನಿಲ್ಲುತ್ತದೆ. ಟ್ಯೂಬುಲರ್ ಬ್ಯಾಟರಿಯ ಗುಣವೇ ಹಾಗೆ. ಕರೆಂಟ್ ಹೋದಾಗ ನಾಲ್ಕು ಗಂಟೆ ಫ್ಯಾನು, ಲೈಟು ಓಡಿಸಲು ಅದಕ್ಕಿಂತ ಒಳ್ಳೆಯದು ಸಿಗಲ್ಲ. ಒಂದೇ ಏಟಿಗೆ ದಬಾಯಿಸಿ ಎಳೆಯಲು ಅದು ಮಾಡಿದ್ದಲ್ಲ.

ಇನ್ನು ವೈರು. ಇಲ್ಲಿ ಜನ ಮೋಸ ಹೋಗುವುದು ಜಾಸ್ತಿ. 6 ಸ್ಕ್ವೇರ್ ಎಂಎಂ ತಾಮ್ರದ ವೈರು, ಹೋಗಲು ಒಂದು ಮೀಟರ್, ಬರಲು ಒಂದು ಮೀಟರ್ ಅಂತಿಟ್ಟುಕೊಳ್ಳಿ. 145 ಆಂಪ್ಸ್ ಹರಿದರೆ ಆ ವೈರಿನಲ್ಲೇ ಸುಮಾರು 120 ವ್ಯಾಟ್ ಬಿಸಿಯಾಗಿ ಹೋಗುತ್ತದೆ. ಪ್ಲೈವುಡ್ ಗೋಡೆಯ ಹಿಂದೆ, ಫೋಮ್ ಪಕ್ಕದಲ್ಲಿ! 35 ಸ್ಕ್ವೇರ್ ಎಂಎಂ ಹಾಕಿದರೆ ಅದೇ 20 ವ್ಯಾಟ್‌ಗೆ ಇಳಿಯುತ್ತದೆ. ಎಸ್‌ಪಿ ರೋಡ್‌ನಲ್ಲಾಗಲಿ ಜೆಸಿ ರೋಡ್‌ನಲ್ಲಾಗಲಿ ದಪ್ಪ ಕೇಬಲ್ ಕೇಳುವಾಗ ಒಂದು ಕೆಲಸ ಮಾಡಿ. ತುದಿಯ ಒಂದು ಎಳೆ ಎಳೆದು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ಅದು ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಅಷ್ಟೇ. ಕಾರ್ ಆಂಪ್ಲಿಫಯರ್‌ಗೆ ಅಂತ ಮಾರುವ ಕೇಬಲ್‌ನಲ್ಲಿ ಇದು ಮಾಮೂಲು. ಅಂಗಡಿಯವರು ಬ್ಲೇಡ್ ನೋಡಿ ಮುಖ ಸಿಂಡರಿಸಿದರೆ ಪಕ್ಕದ ಅಂಗಡಿಗೆ ಹೋಗಿ. ಲಗ್‌ಗಳನ್ನು (ಕೇಬಲ್ ತುದಿಗೆ ಹಾಕುವ ಲೋಹದ ಕೊಂಡಿ) ಸುತ್ತಿಗೆಯಲ್ಲಿ ಚಚ್ಚಿಸಬೇಡಿ, ಹೈಡ್ರಾಲಿಕ್ ಕ್ರಿಂಪರ್ ಇರುವವರ ಹತ್ತಿರ ಒತ್ತಿಸಿ. ಲೂಸಾದ ಲಗ್ ವೈರಿಗಿಂತ ಮೊದಲು ಸುಡುತ್ತದೆ. ಲಗ್ ಬುಡದ ಪ್ಲಾಸ್ಟಿಕ್ ಕಂದು ತಿರುಗಿ ಹಿಂದೆ ಸರಿದಿದ್ದರೆ ಅದೇ ಗುರುತು.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯ: ಇನ್ವರ್ಟರ್ ಬಿಡಿ, ಕೆಟಲ್ ಬದಲಾಯಿಸಿ. 900 ವಿಎ ಅಂದರೆ 900 ವ್ಯಾಟ್ ಅಲ್ಲ. ಪವರ್ ಫ್ಯಾಕ್ಟರ್ (ವಿಎಯಲ್ಲಿ ನಿಜವಾಗಿ ಸಿಗುವ ವ್ಯಾಟ್ ಪಾಲು) 0.8 ಅಂದುಕೊಂಡರೆ 720 ವ್ಯಾಟ್. 600 ವ್ಯಾಟ್‌ನ ಸಣ್ಣ ಟ್ರಾವೆಲ್ ಕೆಟಲ್ ಅದರಲ್ಲಿ ಆರಾಮಾಗಿ ಓಡುತ್ತದೆ. ಬ್ಯಾಟರಿ ಕಡೆ 60 ಆಂಪ್ಸ್. ಲೀಟರ್ ನೀರಿಗೆ ಹತ್ತು ನಿಮಿಷದ ಮೇಲೆ ಹಿಡಿಯುತ್ತದೆ, ಅರ್ಧ ಲೀಟರಿಗೆ ಅದರರ್ಧ. ಡಿಕಾಕ್ಷನ್ ಇಳಿಯಲು ಕಾಯುವವರಿಗೆ ಇದೇನು ದೊಡ್ಡ ಹೊತ್ತಲ್ಲ. 25 ಸ್ಕ್ವೇರ್ ಎಂಎಂ ಕೇಬಲ್, ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ 100 ಆಂಪ್ಸ್ ಫ್ಯೂಸ್ ಹಾಕಿ. ಫ್ಯೂಸ್ ಇನ್ವರ್ಟರ್ ಹತ್ತಿರ ಇದ್ದರೆ ಪ್ರಯೋಜನ ಇಲ್ಲ, ಅದು ಕಾಯಬೇಕಾದ್ದು ವೈರನ್ನು. ಒಂದು ಲೀಟರಿನ 400 ವ್ಯಾಟ್ ರೈಸ್ ಕುಕ್ಕರ್ ಕೂಡ ಇದೇ ಸೆಟಪ್‌ನಲ್ಲಿ ನಡೆಯುತ್ತದೆ. ಅನ್ನ ಆದ ಮೇಲೆ ವಾರ್ಮ್‌ನಲ್ಲಿ ಬಿಡದೆ ಪ್ಲಗ್ ಕಿತ್ತುಬಿಡಿ.

ಕೊಳ್ಳುವಾಗ ಕೆಟಲ್ ತಿರುಗಿಸಿ ತಳದ ಲೇಬಲ್ ಓದಿ. ಡಬ್ಬದ ಮೇಲಿನ ಚಿತ್ರ ನೋಡಿ ತರಬೇಡಿ, ಪುಟಾಣಿಯಾಗಿ ಕಂಡರೂ 1000 ವ್ಯಾಟ್ ಇರುವಂಥವು ಇವೆ. ಅಮೆರಿಕದಿಂದ ಬಂದ ನೆಂಟರು ಕೊಟ್ಟ 120 ವೋಲ್ಟ್ ಕೆಟಲ್ ಇದ್ದರೆ ಅದು ಅಟ್ಟದ ಮೇಲೇ ಇರಲಿ. ವೋಲ್ಟೇಜ್ ಎರಡು ಪಟ್ಟಾದರೆ ವ್ಯಾಟ್ ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತದೆ, ಹಾಕಿದ ಕೂಡಲೇ ಹೊಗೆ. ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕುವ 12 ವೋಲ್ಟ್ ಕೆಟಲ್‌ಗಳೂ ಸಿಗುತ್ತವೆ. 150 ವ್ಯಾಟ್ ಇರುತ್ತದೆ, ಅರ್ಧ ಲೀಟರಿಗೆ ಇಪ್ಪತ್ತು ನಿಮಿಷಕ್ಕೂ ಜಾಸ್ತಿ. ಅಷ್ಟು ಹೊತ್ತು 12 ಆಂಪ್ಸ್ ಎಳೆದು ಆ ಸಾಕೆಟ್ ಕೈ ಇಡಲಾಗದಷ್ಟು ಕಾಯುತ್ತದೆ. ನನಗೆ ಅದು ಇಷ್ಟವಿಲ್ಲ.

ಮಗುವಿನ ಹಾಲಿಗೆ ಪ್ರತ್ಯೇಕ ವಾರ್ಮರ್ ಬೇಡ. ಒಮ್ಮೆ ಕಾಯಿಸಿದ ನೀರನ್ನು ಒಳ್ಳೆ ಫ್ಲಾಸ್ಕ್‌ಗೆ ಹಾಕಿಡಿ. ರಾತ್ರಿ ಎದ್ದಾಗ ಲೋಟಕ್ಕೆ ಬಗ್ಗಿಸಿ ಬಾಟಲಿ ಅದರಲ್ಲಿ ಇಡಿ. ಉಗುರುಬೆಚ್ಚಗಾಗಲು ಅಷ್ಟು ಸಾಕು, ಇನ್ವರ್ಟರ್ ಆನ್ ಮಾಡುವ ಕೆಲಸವೇ ಇಲ್ಲ.

ಈಗ ಅಮ್ಮನ ಹೀಟಿಂಗ್ ಪ್ಯಾಡ್. 60 ವ್ಯಾಟ್ ಅಂದುಕೊಳ್ಳಿ, ಎಂಟು ಗಂಟೆಗೆ 480 ವ್ಯಾಟ್-ಅವರ್. ಥರ್ಮೋಸ್ಟಾಟ್ ಇದ್ದರೆ ಸ್ವಲ್ಪ ಕಡಿಮೆ. ಅದರ ಜೊತೆ ಇನ್ವರ್ಟರ್ ಸುಮ್ನೆ ಆನ್ ಇರುವುದಕ್ಕೇ 10-20 ವ್ಯಾಟ್ ತಿನ್ನುತ್ತದೆ, ರಾತ್ರಿಯಿಡೀ ಅಂದರೆ ಅದೇ ನೂರರ ಮೇಲೆ. ನಿಮ್ಮ ಬ್ಯಾಟರಿಯ ಒಟ್ಟು ದಾಸ್ತಾನು 1800 ವ್ಯಾಟ್-ಅವರ್. ಆಯಸ್ಸು ಬೇಕೆಂದರೆ ಅರ್ಧ ಮಾತ್ರ ಬಳಸಬೇಕು, ಅಂದರೆ 900. ಅದರಲ್ಲಿ ಆರುನೂರು ಒಂದೇ ಪ್ಯಾಡಿಗೆ! ಇಲ್ಲಿ ಎರಡು ದಾರಿ. 12 ವೋಲ್ಟ್‌ನಲ್ಲೇ ನೇರವಾಗಿ ಓಡುವ ಪ್ಯಾಡ್ ತಂದು ಇನ್ವರ್ಟರ್ ಆಫ್ ಮಾಡುವುದು ಒಂದು. ಇನ್ನೊಂದು, ರಬ್ಬರ್‌ನ ಬಿಸಿನೀರಿನ ಚೀಲ. ಒಂದೂವರೆ ಲೀಟರ್ ನೀರನ್ನು 70 ಡಿಗ್ರಿ ತನಕ ಕಾಯಿಸಲು 80 ವ್ಯಾಟ್-ಅವರ್ ಸಾಕು. ಟವಲ್ ಸುತ್ತಿ ಕೊಟ್ಟರೆ ನಿದ್ದೆ ಹತ್ತುವ ತನಕ ಬೆಚ್ಚಗಿರುತ್ತದೆ. ಕುದಿಯುವ ನೀರು ತುಂಬಬೇಡಿ. ರೂಮ್ ಹೀಟರ್ ಬಗ್ಗೆ ನೀವು ಕೇಳಿಲ್ಲ, ಕೇಳಲೂ ಬೇಡಿ. 2000 ವ್ಯಾಟ್ ಫ್ಯಾನ್ ಹೀಟರ್ ಒಂದು ಗಂಟೆ ಓಡಿಸಲು ನಿಮ್ಮ ಪೂರ್ತಿ ಬ್ಯಾಟರಿಯೂ ಸಾಲದು.

ಒಂದು ವಿಷಯಕ್ಕೆ ಮಾತ್ರ ನಾನು ಖಡಾಖಂಡಿತ. ಆಸಿಡ್ ತುಂಬಿದ ಟ್ಯೂಬುಲರ್ ಬ್ಯಾಟರಿ ಮಲಗುವ ಜಾಗದಲ್ಲಿ ಇರಬಾರದು. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಘಾಟಿ ತಿರುವಿನಲ್ಲಿ ಆಸಿಡ್ ತುಳುಕುತ್ತದೆ. ಹೊರಕ್ಕೆ ಗಾಳಿ ಹೋಗುವ ಪ್ರತ್ಯೇಕ ಪೆಟ್ಟಿಗೆ ಮಾಡಿಸಿ ಬೆಲ್ಟ್ ಕಟ್ಟಿ, ಇಲ್ಲವೇ ಬ್ಯಾಟರಿಯನ್ನೇ ಬದಲಾಯಿಸಿ.

ಬದಲಾಯಿಸುವುದಾದರೆ ಲಿಥಿಯಂ ಐರನ್ ಫಾಸ್ಫೇಟ್. 12.8 ವೋಲ್ಟ್ 100 ಎಎಚ್‌ನದು 1280 ವ್ಯಾಟ್-ಅವರ್, ಅದರಲ್ಲಿ ಶೇಕಡಾ 80-90 ಧೈರ್ಯವಾಗಿ ಬಳಸಬಹುದು. ಜೋರಾಗಿ ಎಳೆದರೂ ವೋಲ್ಟೇಜ್ ಅಷ್ಟಾಗಿ ಕುಸಿಯಲ್ಲ. ಆದರೆ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಎಷ್ಟು ಆಂಪ್ಸ್ ಬಿಡುತ್ತದೆ ನೋಡಿ. 100 ಆಂಪ್ಸ್ ಅಂತಿದ್ದರೆ 1500 ವ್ಯಾಟ್ ಕೆಟಲ್ ಹಾಕಿದಾಗ ಅದೂ ಕಟ್ ಮಾಡುತ್ತದೆ. ನಿಮ್ಮ ಮನೆ ಇನ್ವರ್ಟರ್‌ನ ಚಾರ್ಜರ್‌ನಲ್ಲಿ ಲಿಥಿಯಂ ಮೋಡ್ ಇಲ್ಲದಿದ್ದರೆ ಅದನ್ನು ಇದಕ್ಕೆ ಕಟ್ಟಬೇಡಿ.

ಪೂರ್ತಿ ಅಡುಗೆ ಕರೆಂಟ್‌ನಲ್ಲೇ ಆಗಬೇಕು ಅನ್ನುವ ಹಟ ನನಗೆ ಅರ್ಥವಾಗಲ್ಲ. 5 ಕೆಜಿಯ ಸಣ್ಣ ಗ್ಯಾಸ್ ಸಿಲಿಂಡರಿನಲ್ಲಿ ಸುಮಾರು 64 ಯೂನಿಟ್ ಶಾಖ ಇದೆ (ಒಂದು ಯೂನಿಟ್ ಅಂದರೆ 1000 ವ್ಯಾಟ್-ಅವರ್). ಸ್ಟವ್‌ನಲ್ಲಿ ಅರ್ಧ ಗಾಳಿಗೆ ಹೋದರೂ 32 ಯೂನಿಟ್. ಅಷ್ಟನ್ನು ಬ್ಯಾಟರಿಯಲ್ಲಿ ಹೊರಬೇಕಾದರೆ ಈಗ ಹೇಳಿದ ಲಿಥಿಯಂ ಬ್ಯಾಟರಿ ಇಪ್ಪತ್ತೈದಾದರೂ ಬೇಕು. ಮಳೆಗಾಲದ ಸಕಲೇಶಪುರದಲ್ಲಿ ಸೋಲಾರ್ ಪ್ಯಾನೆಲ್ ನಂಬಿಕೊಂಡು ಕೂತರೆ ಉಪವಾಸವೇ ಗತಿ. ಸಾರು, ಪಲ್ಯ ಗ್ಯಾಸ್ ಮೇಲೆ, ಕಿಟಕಿ ಬಾಗಿಲು ತೆರೆದು ಅಥವಾ ಹೊರಗೇ ಮಾಡಿ. ಕೆಟಲ್ ಕಾಫಿಗಿರಲಿ. ಗ್ಯಾಸ್ ಸ್ಟವ್ ಹಚ್ಚಿ ಒಳಗೆ ಬೆಚ್ಚಗೆ ಮಲಗುವ ಯೋಚನೆ ಮಾತ್ರ ಯಾವತ್ತೂ ಬೇಡ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇರಲ್ಲ.

ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಅರ್ಥಿಂಗ್ ಕೂಡ ನೋಡಿಸಿ. ಒದ್ದೆ ಕೈಯಲ್ಲಿ ಸ್ಟೀಲ್ ಕೆಟಲ್ ಮುಟ್ಟುವ ಜಾಗ ಅದು. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಟ್ ಮಾಡುವ ಸ್ವಿಚ್) ಹಾಕಿದ ಮಾತ್ರಕ್ಕೆ ಸಾಲದು, ಇನ್ವರ್ಟರ್ ಕಡೆ ನ್ಯೂಟ್ರಲ್ಲನ್ನೂ ಅರ್ಥನ್ನೂ ಸರಿಯಾಗಿ ಜೋಡಿಸದಿದ್ದರೆ ಅದು ಟ್ರಿಪ್ ಆಗದೆ ಸುಮ್ಮನೆ ಕೂತಿರುತ್ತದೆ. ನಿಮ್ಮ ಇನ್ವರ್ಟರ್‌ನಿಂದ ಬ್ಯಾಟರಿಗೆ ಈಗ ಎಷ್ಟು ದಪ್ಪದ ವೈರು ಇದೆ, ಎಷ್ಟು ಉದ್ದ ಇದೆ ಬರೆಯಿರಿ. ಅದು ಗೊತ್ತಾದರೆ ಈ ವಾರವೇ 600 ವ್ಯಾಟ್ ಕೆಟಲ್ ಹಾಕಬಹುದಾ, ಅಥವಾ ಮೊದಲು ಕೇಬಲ್ ಬದಲಾಯಿಸಬೇಕಾ ಹೇಳುತ್ತೇನೆ.