ಒಪೇರಾ ಹೌಸ್ ಅಂದ್ರೆ ಬಸ್ ಸ್ಟಾಪ್ ಅಲ್ಲ ಸ್ವಾಮಿ!

ಹೋದ ಸಲ ಹಳೇ ಟಾಕೀಸುಗಳ ಬಗ್ಗೆ ಬರೀತಾ ಮುಂಬೈನ ರಾಯಲ್ ಒಪೇರಾ ಹೌಸ್ (ಒಪೇರಾ ಅಂದ್ರೆ ಹಾಡಲ್ಲೇ ಕಥೆ ಹೇಳೋ ಪಾಶ್ಚಾತ್ಯ ನಾಟಕ) ಹೆಸರು ಒಂದೇ ಒಂದು ಸಾಲಲ್ಲಿ ಹೇಳಿ ಮುಂದೆ ಹೋಗಿದ್ದೆ. ಅದಕ್ಕೆ ಇಷ್ಟು ಜನ ಪ್ರಶ್ನೆ ಕಳಿಸ್ತೀರಿ ಅಂದ್ಕೊಂಡಿರ್ಲಿಲ್ಲ. ಈ ಸಲ ಪೂರ್ತಿ ಅದೇ.

ಪ್ರಶ್ನೆ: ಸರ್, ನಾನು ಕೆಲಸದ ಮೇಲೆ ಮುಂಬೈಗೆ ಹೋಗ್ತಿರ್ತೀನಿ. ಒಪೇರಾ ಹೌಸ್ ಅಂದ್ರೆ ವಜ್ರದ ವ್ಯಾಪಾರ ನಡೆಯೋ ಏರಿಯಾ ಅಂತ್ಲೇ ತಿಳ್ಕೊಂಡಿದ್ದೆ. ಅಲ್ಲಿ ನಿಜವಾಗ್ಲೂ ಒಪೇರಾ ನಡೀತಿತ್ತಾ? ಕಟ್ಟಿಸಿದ್ಯಾರು? — ದಾವಣಗೆರೆಯ ಓದುಗರು

ನಿಮ್ಮದೇನೂ ತಪ್ಪಿಲ್ಲ ಬಿಡಿ, ನಮ್ಮಲ್ಲಿ ಮೆಜೆಸ್ಟಿಕ್ ಅಂದ್ರೆ ಬಸ್ ಸ್ಟ್ಯಾಂಡ್ ಅಂದ್ಕೊಳ್ಳಲ್ವಾ, ಆ ಹೆಸರಿನ ಟಾಕೀಸ್ ಇತ್ತು ಅನ್ನೋದು ಎಷ್ಟು ಜನಕ್ಕೆ ನೆನಪಿದೆ? ಅಲ್ಲಿ ಟಾಕೀಸ್ ಹೋಗಿ ಹೆಸರು ಉಳೀತು, ಇಲ್ಲಿ ಪುಣ್ಯಕ್ಕೆ ಕಟ್ಟಡಾನೂ ಉಳಿದಿದೆ. ಚರ್ನಿ ರೋಡ್ ಸ್ಟೇಷನ್ನಿಂದ ನಡ್ಕೊಂಡು ಹೋಗಬಹುದು.

ಇದರ ಐಡಿಯಾ ಹುಟ್ಟಿದ್ದು 1908ರಲ್ಲಿ. ಮಾರಿಸ್ ಬ್ಯಾಂಡ್‌ಮನ್ ಅಂತ ಒಬ್ಬ, ಕಲ್ಕತ್ತಾದಲ್ಲಿ ಠಿಕಾಣಿ ಹೂಡಿ ಪೂರ್ವ ದೇಶಗಳಲ್ಲೆಲ್ಲಾ ಇಂಗ್ಲಿಷ್ ನಾಟಕ ಕಂಪನಿಗಳನ್ನ ತಿರುಗಿಸ್ತಿದ್ದ ಆಸಾಮಿ, ಅವನ ಜೊತೆ ಸೇರಿದವರು ಜೆಹಾಂಗೀರ್ ಫ್ರಾಮ್‌ಜಿ ಕರಾಕ ಅನ್ನೋ ಪಾರ್ಸಿ, ಕಲ್ಲಿದ್ದಲು ದಲ್ಲಾಳಿ ವ್ಯವಹಾರದವರು. ಒಬ್ಬನಿಗೆ ನಾಟಕದ ಹುಚ್ಚು ಮತ್ತು ಲೆಕ್ಕ ಎರಡೂ ಗೊತ್ತು, ಇನ್ನೊಬ್ಬರ ಹತ್ರ ದುಡ್ಡು. 1911ರ ಡಿಸೆಂಬರಲ್ಲಿ ಐದನೇ ಜಾರ್ಜ್ ದೊರೆ ದಿಲ್ಲಿ ದರ್ಬಾರಿಗೆ ಅಂತ ಬಾಂಬೆಗೆ ಬಂದಿಳಿದರಲ್ಲ, ಆಗ ಉದ್ಘಾಟನೇನೂ ಮಾಡಿಸೇ ಬಿಟ್ರು, ಒಳಗಿನ ಕೆಲಸ ಇನ್ನೂ ಮುಗಿದೇ ಇರ್ಲಿಲ್ಲ! (ಗೇಟ್‌ವೇ ಆಫ್ ಇಂಡಿಯಾದ್ದೂ ಅದೇ ಕಥೆ, ದೊರೆ ನೋಡಿದ್ದು ಬರೀ ರಟ್ಟಿನ ಮಾದರಿ, ಕಟ್ಟಡ ಮುಗಿದಿದ್ದು 1924ಕ್ಕೆ. ಗಣ್ಯರು ಬರೋ ದಿನಕ್ಕೆ ರಿಬ್ಬನ್ ಕಟ್ಟೋ ಚಾಳಿ ಇವತ್ತಿಂದಲ್ಲ.)

ಬರೋಕ್ ಶೈಲಿ, ಅಂದ್ರೆ ಎಲ್ಲಿ ನೋಡಿದ್ರೂ ಕೆತ್ತನೆ, ಬಂಗಾರದ ಬಣ್ಣ, ಬಳ್ಳಿ, ಹೂವು. ಗುಮ್ಮಟದ ಒಳಮೈನ ಎಂಟು ಭಾಗ ಮಾಡಿ ಕವಿಗಳು, ನಾಟಕಕಾರರಿಗೆಲ್ಲ ಗೌರವ ಸಲ್ಲಿಸಿದ್ದಾರೆ. ಮುಂದಿನ ಹಜಾರದ ದೊಡ್ಡ ತೂಗುದೀಪಗಳು ಸಸೂನ್ ಮನೆತನದ ಸಾಂಸೂಸಿ ಬಂಗಲೆಯಿಂದ ಬಂದವು. ಆ ಬಂಗಲೆ ಈಗ ಬೈಕುಲ್ಲಾದಲ್ಲಿ ಆಸ್ಪತ್ರೆ ಆಗಿದೆ.

ಒಪೇರಾ ನಡೀತಿತ್ತಾ ಅಂದ್ರಲ್ಲ, ನಡೀತಿತ್ತು, ಆದ್ರೆ ಅದನ್ನೇ ನಂಬ್ಕೊಂಡಿದ್ರೆ ದೀಪದ ಎಣ್ಣೆಗೂ ದುಡ್ಡು ಹುಟ್ತಿರ್ಲಿಲ್ಲ. ಇಟಾಲಿಯನ್ ಹಾಡು ಕೇಳೋ ಬಿಳಿಯರು, ಶ್ರೀಮಂತ ಪಾರ್ಸಿಗಳು ಎಷ್ಟು ಜನ ಇದ್ದಾರು? ಹಾಗಾಗಿ ಬೇಗನೇ ನಾಟಕ, ಸಂಗೀತ, ಸಿನಿಮಾ ಎಲ್ಲಾನೂ ಒಳಗೆ ಬಂತು.

ಪ್ರಶ್ನೆ: ಮರಾಠಿ, ಗುಜರಾತಿಯವರೇ ಮೆರೆದ ಜಾಗ ಅದು. ನಮ್ಮ ಕನ್ನಡದವರಿಗೂ ಅದಕ್ಕೂ ಏನಾದ್ರೂ ಸಂಬಂಧ ಉಂಟಾ? — ಹೊನ್ನಾವರದ ಓದುಗರು

ಹೊನ್ನಾವರದಿಂದಾನೇ ಈ ಪ್ರಶ್ನೆ ಬಂದಿದ್ದು ನೋಡಿ ಖುಷಿ ಆಯ್ತು! ಆ ವೇದಿಕೆ ಮೇಲೆ ಬಾಲಗಂಧರ್ವ, ದೀನಾನಾಥ ಮಂಗೇಶ್ಕರ್ ಥರದ ಮರಾಠಿ ರಂಗಗಾಯಕರು ಹಾಡಿದ್ದಾರೆ. ಅವರು ಹಾಡಿದ ಸಂಗೀತ ನಾಟಕದ ಬೇರು ಹುಡುಕ್ತಾ ಹೋದ್ರೆ ನಿಮ್ಮ ಮನೆ ಹಿತ್ತಲಿಗೇ ಬಂದು ನಿಲ್ಲುತ್ತೆ. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಮೊದಲ ಮರಾಠಿ ನಾಟಕ ಆಡಿಸಿದ್ರಲ್ಲ, ಅದಕ್ಕೆ ಪ್ರೇರಣೆ ನಿಮ್ಮ ಹೊನ್ನಾವರದ ಪಕ್ಕದ ಕರ್ಕಿ ಮೇಳದ ಯಕ್ಷಗಾನದ ಆಟ. ಬಾಲಗಂಧರ್ವರು ಬೆಳೆದಿದ್ದು ಕಿರ್ಲೋಸ್ಕರ್ ಕಂಪನಿಯಲ್ಲಿ, ಅದನ್ನ ಕಟ್ಟಿದ ಅಣ್ಣಾಸಾಹೇಬ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಲ್ಲಿ. ಸಂಬಂಧ ಇದೆಯಾ ಅಂತ ಕೇಳ್ತೀರಲ್ಲ ಮಾರಾಯ್ರೆ!

ಪ್ರಶ್ನೆ: ನಮ್ಮಪ್ಪ ಹೋಟೆಲ್ ಕೆಲಸಕ್ಕೆ ಅಂತ ಬಾಂಬೆಗೆ ಬಂದವರು, ರಜೆ ದಿನ ಒಪೇರಾ ಹೌಸಲ್ಲಿ ಹಿಂದಿ ಸಿನಿಮಾ ನೋಡ್ತಿದ್ವಿ ಅಂತಿದ್ರು. ಹಾಗಾದ್ರೆ ಅದು ನಾಟಕದ ಮನೆಯೋ, ಟಾಕೀಸೋ? ಮುಚ್ಚಿದ್ದು ಯಾಕೆ? — ಡೊಂಬಿವಲಿಯ ಓದುಗರು

ಎರಡೂ ಹೌದು. 1935ರಲ್ಲಿ ಒಂದು ಸಿನಿಮಾ ಕಂಪನಿ ಇದನ್ನ ಕೊಂಡ್ಕೊಂಡ ಮೇಲೆ ಪೂರ್ತಿ ಟಾಕೀಸೇ ಆಯ್ತು. ಆದ್ರೂ ನಾಟಕದ ವಾಸನೆ ಹೋಗಿರ್ಲಿಲ್ಲ, 1944ರಲ್ಲಿ ಪೃಥ್ವಿರಾಜ್ ಕಪೂರ್ ಪೃಥ್ವಿ ಥಿಯೇಟರ್ಸ್ ಅನ್ನೋ ನಾಟಕ ಕಂಪನಿ ಕಟ್ಟಿದ್ರಲ್ಲ, ಅವರು ಸಿನಿಮಾ ಶೋ ಶುರುವಾಗೋ ಮುಂಚೆ ಬೆಳಗಿನ ಹೊತ್ತಲ್ಲೇ ಇಲ್ಲಿ ನಾಟಕ ಆಡ್ತಿದ್ರು. ನಾಟಕ ಮುಗಿದ ಮೇಲೆ ಆ ಆಜಾನುಬಾಹು ಮನುಷ್ಯ ಬಾಗಿಲ ಹತ್ರ ಜೋಳಿಗೆ ಹಿಡಿದು, ತಲೆ ತಗ್ಗಿಸಿ ನಿಲ್ತಿದ್ರಂತೆ, ಜನ ಹೋಗ್ತಾ ಹೋಗ್ತಾ ಅದಕ್ಕೆ ಕಾಸು ಹಾಕ್ಬೇಕು, ಸಂತ್ರಸ್ತರ ನಿಧಿಗೆ. ತೆರೆ ಮೇಲೆ ಚಕ್ರವರ್ತಿ ಪಾತ್ರ ಮಾಡೋ ಮನುಷ್ಯ!

1952ರಲ್ಲಿ ಸೌರಾಷ್ಟ್ರದ ಗೊಂಡಲ್ ಮಹಾರಾಜ ವಿಕ್ರಮಸಿಂಹಜಿ ಇದನ್ನ ತಗೊಂಡ್ರು. ನಿಮ್ಮ ತಂದೆಯವರು ನೋಡಿದ್ದು ಅವರ ಒಡೆತನದ ಟಾಕೀಸನ್ನೇ ಇರಬೇಕು. ಆಮೇಲೆ ವಿಸಿಆರ್ ಬಂತು, ಮನೆ ಮನೆಗೆ ಕೇಬಲ್ ಬಂತು, ಇಂಥ ದೊಡ್ಡ ಟಾಕೀಸಿಗೆ ಕರೆಂಟ್ ಬಿಲ್ಲು, ನೌಕರರ ಸಂಬಳ ಕಟ್ಟೋದೇ ಕಷ್ಟ ಆಯ್ತು, 1993ರಲ್ಲಿ ಬಾಗಿಲು ಹಾಕಿದ್ರು. ರಾಜರಾದ್ರೆ ಏನಂತೆ, ಖಾಲಿ ಕುರ್ಚಿಗೆ ಸಿನಿಮಾ ತೋರಿಸೋಕಾಗುತ್ತಾ.

ಮುಂಬೈ ಮಧ್ಯದಲ್ಲಿ ಅಷ್ಟು ದೊಡ್ಡ ಜಾಗ ಬೀಗ ಹಾಕ್ಕೊಂಡು ಕೂತಿದ್ರೆ ಬಿಲ್ಡರುಗಳ ಕಣ್ಣು ಬೀಳದೆ ಇರುತ್ತಾ? ಆದ್ರೂ ಮನೆತನದವರು ಮಾರ್ಲಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಅತಿ ಮುಖ್ಯ ಅನ್ಸೋದು ಇದೇ. ಜೀರ್ಣೋದ್ಧಾರ ಮಾಡಿದವರಿಗೆ ಚಪ್ಪಾಳೆ ಸಿಗುತ್ತೆ, ಸಿಗಬೇಕು ಕೂಡ, ಆದ್ರೆ ಅದಕ್ಕೂ ಮುಂಚೆ ಬರಿದೇ ಬಾಗಿಲು ಮುಚ್ಚಿ, ಒಂದು ಪೈಸೆ ಆದಾಯ ಇಲ್ದೆ ಕಾಯ್ದುಕೊಂಡು ಕೂತವರು ಇಲ್ದಿದ್ರೆ ರಿಪೇರಿ ಮಾಡೋಕೆ ಏನಿರ್ತಿತ್ತು? ಒಂದು ಮಾಲ್ ಇರ್ತಿತ್ತು ಅಷ್ಟೇ.

ಪ್ರಶ್ನೆ: ರಿಪೇರಿ ಅಂದ್ರೆ ನಿಖರವಾಗಿ ಏನು ಮಾಡ್ತಾರೆ? ಬಣ್ಣ ಬಳಿದು, ಎಸಿ ಹಾಕಿ, ಹೊಸ ಸೀಟು ಕೂರಿಸಿದ್ರೆ ಆಯ್ತಲ್ವಾ? — ಬೆಂಗಳೂರಿನ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ

ನೀವು ಸಿವಿಲ್ ಓದ್ತಿದೀರಿ, ಹಾಗಾಗಿ ನಿಮಗೆ ಸ್ವಲ್ಪ ಉದ್ದ ಉತ್ತರ ಕೊಡ್ತೀನಿ, ಉಳಿದವರು ಸಹಿಸ್ಕೊಳ್ಳಿ.

ಇಲ್ಲಿ ಕೆಲಸ ವಹಿಸಿಕೊಂಡಿದ್ದು ಸಂರಕ್ಷಣಾ ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ. ವರ್ಷಗಟ್ಟಲೆ ಮುಚ್ಚಿದ ಕಟ್ಟಡ, ಮುಂಬೈ ಮಳೆ, ಮೇಲಿಂದ ಸೋರಿಕೆ, ಬಾಲ್ಕನಿ ಭಾರ ತಡೆಯೋ ಸ್ಥಿತಿಯಲ್ಲಿಲ್ಲ. ಮೊದಲು ಕಟ್ಟಡ ಬೀಳದ ಹಾಗೆ ನೋಡ್ಕೋಬೇಕು, ನೀರು ಒಳಗೆ ಬರೋದು ನಿಲ್ಲಿಸ್ಬೇಕು, ಅಂದಚಂದ ಎಲ್ಲಾ ಆಮೇಲೆ. ಎಷ್ಟೋ ಕಡೆ ಇದನ್ನ ಉಲ್ಟಾ ಮಾಡ್ತಾರೆ, ಮುಂಭಾಗಕ್ಕೆ ಪೇಂಟ್ ಹೊಡೆದು ಫೋಟೋ ತೆಗೆಸ್ಕೊಂಡು ಎರಡೇ ಮಳೆಗಾಲಕ್ಕೆ ಎಲ್ಲಾ ಉಬ್ಬಿ ಬರುತ್ತೆ. ಹಳೇ ಸುಣ್ಣದ ಗಾರೆ ಗೋಡೆ ಮೇಲೆ ಸಿಮೆಂಟ್ ಮೆತ್ತಿದ್ರೂ ಇದೇ ಗತಿ. ಸುಣ್ಣದ ಗೋಡೆ ತೇವ ಹೀರ್ಕೊಂಡು ಹೊರಗೆ ಬಿಡುತ್ತೆ, ಸಿಮೆಂಟ್ ಅದರ ಬಾಯಿ ಕಟ್ಟುತ್ತೆ, ತೇವ ಒಳಗೇ ಕೂತು ಇಟ್ಟಿಗೆ ತಿನ್ನುತ್ತೆ. ನಿಮ್ಮ ಮೇಷ್ಟ್ರನ್ನ ಕೇಳಿ ನೋಡಿ.

ಇನ್ನು ಬಣ್ಣ. ಬಳಿಯೋದಕ್ಕಿಂತ ಕೆರೆಯೋದೇ ಜಾಸ್ತಿ ಕೆಲಸ. ಗೋಡೆಯ ಒಂದು ಅಂಗೈಯಗಲ ಜಾಗದಲ್ಲಿ ಸಣ್ಣ ಬ್ಲೇಡಿನಿಂದ ಪದರ ಪದರವಾಗಿ ಕೆರೀತಾ ಹೋಗ್ತಾರೆ, ಟಾಕೀಸ್ ಕಾಲದ ಬಣ್ಣ, ಅದರ ಕೆಳಗೆ ಅದಕ್ಕೂ ಹಿಂದಿನದು, ಹಾಗೇ ಇಳಿದು ಇಳಿದು ತಳಕ್ಕೆ ಮುಟ್ಟಿದಾಗ ಮೂಲ ಬಣ್ಣ ಕಾಣುತ್ತೆ. ಒಪೇರಾ ಹೌಸಲ್ಲೂ ಹೀಗೇ ಹಳೇ ಬಣ್ಣ ಪತ್ತೆ ಮಾಡಿದ್ದು. ಉದುರಿ ಹೋದ ಗಾರೆ ಹೂವಿಗೆ, ಇನ್ನೊಂದು ಕಡೆ ಉಳ್ಕೊಂಡಿರೋ ಅಂಥದ್ದೇ ಹೂವಿನಿಂದ ಅಚ್ಚು ತೆಗೆದು ಎರಕ ಹೊಯ್ಯೋದು ಇಂಥ ಕೆಲಸದಲ್ಲಿ ಮಾಮೂಲಿ. ವೇದಿಕೆ ಪಕ್ಕದ ರಾಯಲ್ ಬಾಕ್ಸುಗಳಿಗೆ, ಅಂದ್ರೆ ಗಣ್ಯರು ಕೂರೋ ಪ್ರತ್ಯೇಕ ಖಾನೆಗಳಿಗೆ, ಅಚ್ಚಿಗೂ ಗತಿ ಇರ್ಲಿಲ್ಲ, ಯಾಕಂದ್ರೆ ಸಿನಿಮಾ ಕಾಲದಲ್ಲಿ ಅವನ್ನ ಕಿತ್ತೇ ಹಾಕಿದ್ರು, ಹಳೇ ಫೋಟೋಗಳನ್ನ ಇಟ್ಕೊಂಡು ಹೊಸದಾಗಿ ಕಟ್ಟಿದ್ದಾರೆ.

ನೀವು ಹೇಳಿದ ಎಸಿ ಮತ್ತು ಸೀಟು ಎರಡೂ ಬಂತು, ಧ್ವನಿ ಬೆಳಕಿನ ವ್ಯವಸ್ಥೇನೂ ಬಂತು, ಅದಿಲ್ದೆ ಈಗ ಯಾರು ಬರ್ತಾರೆ. ಮೂಲ ಕಟ್ಟಡ ಮೈಕಿಲ್ಲದ ಕಾಲದ್ದು, ಮೇಲಿನ ಗ್ಯಾಲರಿಯವನಿಗೂ ಮಾತು ಕೇಳಬೇಕು ಅಂತ್ಲೇ ಮೇಲ್ಛಾವಣಿ ರೂಪಿಸಿದ್ದು. ಆ ಗುಣ ಕೆಡಿಸದ ಹಾಗೆ ಹೊಸ ವೈರು, ಡಕ್ಟು ಎಲ್ಲಾ ಅಡಗಿಸೋದು ಅಂದ್ರೆ ಹುಡುಗಾಟ ಅಲ್ಲ.

2012ರಲ್ಲಿ ಹಳೇ ಕಟ್ಟಡ ಉಳಿಸೋಕೆ ದುಡಿಯೋ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅನ್ನೋ ಸಂಸ್ಥೆಯ, ಅಪಾಯದಲ್ಲಿರೋ ತಾಣಗಳ ನಿಗಾ ಪಟ್ಟಿಗೆ ಸೇರಿತ್ತು. 2016ರ ಅಕ್ಟೋಬರಲ್ಲಿ ಬಾಗಿಲು ತೆಗೀತು, ಮುಂಬೈ ಚಿತ್ರೋತ್ಸವದ ಉದ್ಘಾಟನೆ ಮತ್ತೆ ಮುಂಬೈಲೇ ಹುಟ್ಟಿದ ಸೊಪ್ರಾನೊ (ಎತ್ತರದ ಹೆಣ್ಣು ದನಿಯ) ಗಾಯಕಿ ಪೆಟ್ರೀಷಿಯಾ ರೊಜಾರಿಯೊ ಅವರ ಕಛೇರಿ ಎರಡೂ ಅಲ್ಲೇ ಆದವು. ಮರುವರ್ಷ ಪಾರಂಪರಿಕ ಕಟ್ಟಡ ಸಂರಕ್ಷಣೆಗೆ ಕೊಡೋ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪ್ರಶಸ್ತೀನೂ ಬಂತು.

ಪ್ರಶ್ನೆ: ಬೆಂಗಳೂರಿನ ಬ್ರಿಗೇಡ್ ರೋಡಲ್ಲೂ ಒಪೇರಾ ಹೌಸ್ ಇದೆಯಲ್ಲ, ಅದೂ ಹೀಗೇ ಉಳೀತು ತಾನೆ? — ಮಲ್ಲೇಶ್ವರದ ಓದುಗರು

ಕಟ್ಟಡ ಉಳೀತು, ಹೌದು. 2018ರಲ್ಲಿ ಸ್ಯಾಮ್ಸಂಗ್‌ನವರು ಅಚ್ಚುಕಟ್ಟಾಗಿ ಸರಿ ಮಾಡಿ ತಮ್ಮ ಮಳಿಗೆ ಮಾಡ್ಕೊಂಡ್ರು, ಹೊರಗಿಂದ ನೋಡೋಕೆ ಸೊಗಸಾಗಿದೆ, ಎಂ.ಜಿ. ರೋಡಿನ ಪ್ಲಾಜಾ ಟಾಕೀಸ್ ಥರ ಕೆಡವಿ ಹಾಕಿದ್ದಕ್ಕಿಂತ ಸಾವಿರ ಪಾಲು ವಾಸಿ. ಆದ್ರೆ ಗೋಡೆ ಉಳಿಯೋದು ಬೇರೆ, ರಂಗ ಉಳಿಯೋದು ಬೇರೆ ಅನ್ನೋದು ನನ್ನ ಅಭಿಪ್ರಾಯ, ನೀವು ಒಪ್ಲೇಬೇಕು ಅಂತೇನಿಲ್ಲ. ಮುಂಬೈಯದ್ದು ಇಡೀ ದೇಶದಲ್ಲಿ ಒಪೇರಾ ಹೌಸ್ ಆಗೇ ಉಳಿದ ಒಂದೇ ಕಟ್ಟಡ ಅಂತಾರೆ. ಅಲ್ಲೂ ಸೀಟು 575 ಮಾತ್ರ, ಬರೀ ಟಿಕೆಟ್ ದುಡ್ಡಲ್ಲಿ ಸಂಸಾರ ನಡೆಯಲ್ಲ, ಹಾಗಾಗಿ ಫ್ಯಾಷನ್ ಶೋ, ಕಂಪನಿಗಳ ಫಂಕ್ಷನ್ ಅಂತ ಬಾಡಿಗೆಗೆ ಕೊಟ್ರೆ ಕೆಲವರು ಮೂಗು ಮುರೀತಾರೆ. ನಾನಂತೂ ಮುರಿಯಲ್ಲ. ವಾರಕ್ಕೆ ನಾಲ್ಕು ದಿನ ಏನಾದ್ರೂ ನಡೀತಾ ಇದ್ರೆ ತಾನೇ ಸೋರೋ ಜಾಗ ಯಾರಿಗಾದ್ರೂ ಕಾಣೋದು.

ಪ್ರಶ್ನೆ: ಒಳಗೆ ನೋಡೋಕೆ ಹೇಗೆ ಹೋಗೋದು? — ಹೆಸರು ಬೇಡ ಅಂದವರು

ಯಾವ್ದಾದ್ರೂ ಶೋಗೆ ಟಿಕೆಟ್ ತಗೊಂಡು ಹೋಗಿ, ಅದೇ ಸುಲಭ. ನಮ್ಮ ಟಾಕೀಸಿನ ಲೆಕ್ಕದಲ್ಲಿ ಬಾಲ್ಕನಿ ಶ್ರೀಮಂತರಿಗೆ, ಮುಂದಿನ ಸಾಲು ಗಾಂಧಿ ಕ್ಲಾಸ್, ಅಲ್ಲಿ ಹಾಗಲ್ಲ, ಟಿಕೆಟ್ ದರ ನೋಡ್ಕೊಂಡು ಬುಕ್ ಮಾಡಿ. ನನ್ನ ಕೇಳಿದ್ರೆ ಮೇಲಿನ ಬಾಲ್ಕನೀನೇ ವಾಸಿ, ಗುಮ್ಮಟದ ಕೆಲಸ ಹತ್ರದಿಂದ ಕಾಣುತ್ತೆ. ಶೋ ಶುರುವಾಗೋಕೆ ಅರ್ಧ ಗಂಟೆ ಮುಂಚೆ ಹೋಗಿ, ದೀಪ ಆರಿಸಿದ ಮೇಲೆ ಮೇಲೆ ನೋಡಿದ್ರೆ ಏನೂ ಕಾಣಲ್ಲ.