ಏಸು ಒಬ್ಬನೇ, ಶಾಲೆ ಎರಡು ಯಾಕೆ?

'ನಮ್ಮೂರ ಕಾನ್ವೆಂಟ್‌ನಲ್ಲಿ ಎಲ್ಲ ಧರ್ಮದ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಮಕ್ಕಳು ಒಟ್ಟಿಗೆ ಓದುವ ಪ್ರೈಮರಿ ಶಾಲೆಯನ್ನು ನೀವು ಅಷ್ಟು ಹೊಗಳಿದ್ದು ಯಾಕೆ? ಇಬ್ಬರ ದೇವರೂ ಏಸುವೇ ಅಲ್ವಾ?'
– ಶಿವಮೊಗ್ಗದ ಓದುಗರೊಬ್ಬರು

ಸಂಪಾದಕರ ಉತ್ತರ:

ದೇವರು ಒಬ್ಬನೇ, ನಿಜ. ಆದರೆ ಅಲ್ಲಿನ ಜಗಳ ದೇವರದ್ದಲ್ಲ, ದೇಶದ್ದು. ಉತ್ತರ ಐರ್ಲೆಂಡ್ ಇರುವುದು ಬ್ರಿಟನ್ ಜೊತೆ, ಪಕ್ಕದ ಐರ್ಲೆಂಡ್ ಬೇರೆ ದೇಶ. ಕ್ಯಾಥೊಲಿಕರಲ್ಲಿ ಹೆಚ್ಚಿನವರಿಗೆ ಐರ್ಲೆಂಡ್ ಒಂದಾಗಬೇಕು. ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರಿಗೆ ಬ್ರಿಟನ್ ಜೊತೆಗೇ ಇರಬೇಕು. ಮೂರು ದಶಕದ ಹಿಂಸೆಯಲ್ಲಿ ಸುಮಾರು 3,500 ಜನ ಸತ್ತರು. ಹುಡುಗನ ಹೆಸರು, ಯೂನಿಫಾರ್ಮ್ ನೋಡಿಯೇ ಯಾವ ಕಡೆಯವನು ಅಂತ ಹೇಳಿಬಿಡಬಹುದಿತ್ತು. ಶಾಲೆ ಬೇರೆ, ಆಟವೂ ಬೇರೆ: ಕ್ಯಾಥೊಲಿಕರ ಕಡೆ ಐರಿಷ್ ಆಟವಾದ ಗೇಲಿಕ್ ಫುಟ್‌ಬಾಲ್, ಇನ್ನೊಂದು ಕಡೆ ರಗ್ಬಿ.

1923ರಲ್ಲೇ ಶಿಕ್ಷಣ ಮಂತ್ರಿ ಲಾರ್ಡ್ ಲಂಡನ್‌ಡೆರಿ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಶಾಲೆ ಇರಲಿ ಎಂದು ಕಾನೂನು ತಂದಿದ್ದರು. ಎರಡೂ ಕಡೆಯ ಪಾದ್ರಿಗಳು ವಿರೋಧಿಸಿದರು. (ಆ ಒಂದು ವಿಷಯದಲ್ಲಿ ಮಾತ್ರ ಒಗ್ಗಟ್ಟು!) ಕೊನೆಗೆ ಕೈ ಹಾಕಿದವರು ಅಪ್ಪ ಅಮ್ಮಂದಿರು. 1981ರಲ್ಲಿ ಅಲ್ಲಿನ ರಾಜಧಾನಿ ಬೆಲ್‌ಫಾಸ್ಟ್‌ನ ಒಂದು ಸ್ಕೌಟ್ ಹಾಲ್‌ನಲ್ಲಿ ಎರಡೂ ಕಡೆಯ 28 ಮಕ್ಕಳೊಂದಿಗೆ ಲಾಗನ್ ಕಾಲೇಜು ಎಂಬ ಹೈಸ್ಕೂಲ್ ಶುರುವಾಯಿತು. 1985ರಲ್ಲಿ ಅದೇ ಊರಲ್ಲಿ ಹೇಜಲ್‌ವುಡ್, ಫೋರ್ಜ್ ಎಂಬ ಪ್ರೈಮರಿ ಶಾಲೆಗಳು ತೆರೆದವು. ಸರ್ಕಾರದ ಬೆಂಬಲಕ್ಕೆ ಗಟ್ಟಿ ಕಾನೂನು ಬಂದದ್ದು 1989ರಲ್ಲಿ.

ನಿಮ್ಮೂರ ಕಾನ್ವೆಂಟ್ ಒಂದು ಧರ್ಮದವರದ್ದು, ಬೇರೆಯವರು ಬಂದು ಸೇರುತ್ತಾರೆ. ಈ ಶಾಲೆಗಳು ಯಾರೊಬ್ಬರದ್ದೂ ಅಲ್ಲ. ಯಾವ ಕಡೆಯವರೂ ತೀರಾ ಕಡಿಮೆ ಆಗದಂತೆ ಲೆಕ್ಕ ನೋಡಿಯೇ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. ಆಡಳಿತ ಮಂಡಳಿಯಲ್ಲೂ ಇಬ್ಬರೂ ಇರಬೇಕು. ಧರ್ಮವನ್ನೇನೂ ಗೇಟಿನ ಹೊರಗೆ ನಿಲ್ಲಿಸುವುದಿಲ್ಲ. ಏಳೆಂಟು ವರ್ಷದ ಕ್ಯಾಥೊಲಿಕ್ ಮಕ್ಕಳಿಗೆ ಮೊದಲ ಪರಮಪ್ರಸಾದದ (ಚರ್ಚಿನಲ್ಲಿ ಮೊದಲ ಸಲ ಪ್ರಸಾದ ಪಡೆಯುವ ವಿಧಿ, ಹುಡುಗಿಯರು ಬಿಳಿ ಡ್ರೆಸ್ ಹಾಕುತ್ತಾರೆ) ತಯಾರಿ ಶಾಲೆಯಲ್ಲೇ ನಡೆಯಬಹುದು. ಆಗ ಪಕ್ಕದಲ್ಲಿ ಕೂರುವ ಪ್ರೊಟೆಸ್ಟೆಂಟ್ ಹುಡುಗಿ 'ನನಗ್ಯಾಕೆ ಬಿಳಿ ಡ್ರೆಸ್ ಇಲ್ಲ?' ಅಂತ ಕೇಳಿದರೆ ಟೀಚರ್ ಉತ್ತರ ಕೊಡಲೇಬೇಕು. ಬೇರೆ ಬೇರೆ ಶಾಲೆಯಲ್ಲಿ ಓದುವ ಮಕ್ಕಳಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ನಾನು ಹೊಗಳಿದ್ದು ಇದನ್ನೇ. ಸುಮ್ನೆ ಒಂದೇ ಬೆಂಚಿನಲ್ಲಿ ಕೂರಿಸಿದ್ದನ್ನಲ್ಲ.

ಹಾಗಂತ ಎಲ್ಲ ಸರಿಹೋಗಿಲ್ಲ. 1998ರ ಶಾಂತಿ ಒಪ್ಪಂದವೂ ಇಂಥ ಶಾಲೆಗಳ ಪರವಾಗಿ ಮಾತಾಡಿತು. ಆದರೂ 2001ರಲ್ಲಿ ಬೆಲ್‌ಫಾಸ್ಟ್‌ನ ಹೋಲಿ ಕ್ರಾಸ್ ಶಾಲೆಯ ಪುಟ್ಟ ಕ್ಯಾಥೊಲಿಕ್ ಹುಡುಗಿಯರು ಪ್ರೊಟೆಸ್ಟೆಂಟ್ ಬೀದಿಯವರ ಬೈಗುಳದ ನಡುವೆ, ಪೊಲೀಸ್ ಕಾವಲಿನಲ್ಲಿ ನಡೆದು ಹೋಗಬೇಕಾಯಿತು. 2022ರಲ್ಲಿ ಇಂಥ ಶಾಲೆಗಳ ಬೆಂಬಲಕ್ಕೆ ಮತ್ತೊಂದು ಕಾನೂನು ಬಂದಿದೆ. ಇಷ್ಟಾದರೂ ನೂರಕ್ಕೆ ಹತ್ತು ಮಕ್ಕಳೂ ಈ ಶಾಲೆಗಳಲ್ಲಿಲ್ಲ. ಬಹಳಷ್ಟು ಕಡೆ ಇಬ್ಬರೂ ವಾಸಿಸುವ ಬೀದಿಗಳೇ ಬೇರೆ ಬೇರೆ. ಮನೆ ಪಕ್ಕದ ಶಾಲೆ ಬಿಟ್ಟು ಐದು ವರ್ಷದ ಮಗುವನ್ನು ದೂರ ಕಳಿಸುವುದು ಎಲ್ಲ ಅಪ್ಪ ಅಮ್ಮಂದಿರಿಗೂ ಆಗುವ ಮಾತಲ್ಲ.