ಅಮೆರಿಕದಲ್ಲಿ ಒಂದೊಂದು ಜನಾಂಗಕ್ಕೆ ಒಂದೊಂದು ಘಟಿಕೋತ್ಸವವಂತೆ, ನಿಜವೇ? ಅಕ್ಕನ ಮಗಳಿಗೆ ಏಷ್ಯನ್ನರದ್ದಕ್ಕೆ ಕರೆ ಬಂದಿದೆ, ಹೋಗು ಅನ್ನಲೇ?

ಅರ್ಧ ನಿಜ. ಪದವಿ ಕೊಡುವ ದೊಡ್ಡ ಸಮಾರಂಭ ಎಲ್ಲರಿಗೂ ಸೇರಿಯೇ ನಡೆಯುತ್ತದೆ. ನೀವು ಕೇಳಿದ್ದು ಅದರ ಆಚೀಚೆ ದಿನಗಳಲ್ಲಿ ಮಾಡುವ ಚಿಕ್ಕ ಕಾರ್ಯಕ್ರಮಗಳ ವಿಷಯ. ಹೋಗಲೇಬೇಕು ಅಂತಿಲ್ಲ.

2021ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ್ದು ದೊಡ್ಡ ಗಲಾಟೆಯಾಯಿತು. ಅಲ್ಲಿ ಇಂಥವು ಆರು ಇದ್ದವು: ಕಪ್ಪು ಜನರದ್ದು, ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದವರದ್ದು), ಏಷ್ಯನ್, ಮೂಲನಿವಾಸಿಗಳದ್ದು, ಎಲ್‌ಜಿಬಿಟಿ (ಸಲಿಂಗಿಗಳು, ಲಿಂಗತ್ವ ಅಲ್ಪಸಂಖ್ಯಾತರದ್ದು), ಆಮೇಲೆ ಬಡ ಮನೆಯ ಮಕ್ಕಳು ಮತ್ತು ಮನೆಯಲ್ಲಿ ಮೊದಲ ಸಲ ಕಾಲೇಜು ಕಂಡವರದ್ದು. ಇವು ಮುಖ್ಯ ಸಮಾರಂಭದ ಜೊತೆಗೆ ಮಾಡುವಂಥವು, ಯಾರು ಬೇಕಾದರೂ ಬರಬಹುದು ಅಂತ ವಿಶ್ವವಿದ್ಯಾಲಯ ಹೇಳಿತು. ಅಷ್ಟರಲ್ಲಿ ಟೀವಿಯವರು ಹಬ್ಬ ಮಾಡಿ ಆಗಿತ್ತು.

ಯಾಕೆ ಬೇಕು ಅಂದರೆ, ದೊಡ್ಡ ಸಮಾರಂಭ ಎಷ್ಟೋ ಕಡೆ ಸ್ಟೇಡಿಯಂನಲ್ಲಿ, ಸಾವಿರಾರು ಜನರ ನಡುವೆ ನಡೆಯುತ್ತದೆ. ವಿಭಾಗದವರೆಲ್ಲ ಒಟ್ಟಿಗೆ ಎದ್ದು ನಿಲ್ಲಿ ಅಂತಾರೆ, ಮುಗೀತು. ನನ್ನ ಜೊತೆ ಓದಿದ ಮೆಕ್ಸಿಕನ್ ಮೂಲದ ಗೆಳೆಯ ಕರೆದ ಅಂತ ಅವರ ಕಾರ್ಯಕ್ರಮಕ್ಕೆ ಹೋಗಿದ್ದೆ. ಕೊರಳಿಗೆ ಹಾಕುವ ಸ್ಟೋಲನ್ನು ಅಲ್ಲಿ ಅಪ್ಪ ಅಮ್ಮನೇ ವೇದಿಕೆ ಹತ್ತಿ ಹಾಕುತ್ತಾರೆ. ಇಂಗ್ಲಿಷ್ ಬಾರದ ಅವನ ಅಮ್ಮ ಮೈಕ್ ಹಿಡಿದು ಸ್ಪ್ಯಾನಿಷ್‌ನಲ್ಲಿ ಮಾತಾಡಿದ್ದೇ ಮಾತಾಡಿದ್ದು, ಇವನು ತಲೆ ತಗ್ಗಿಸಿ ನಿಂತಿದ್ದ. ನೀನ್ಯಾಕೆ ಬಂದೆ ಅಂತ ನನ್ನನ್ನು ಯಾರೂ ಕೇಳಲಿಲ್ಲ, ಊಟ ಹಾಕಿಯೇ ಕಳಿಸಿದರು.

ಎಲ್‌ಜಿಬಿಟಿ ವಿದ್ಯಾರ್ಥಿಗಳ 'ಲ್ಯಾವೆಂಡರ್ ಗ್ರ್ಯಾಜುಯೇಷನ್' ಶುರುವಾಗಿದ್ದು 1995ರಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ. ಶುರು ಮಾಡಿದ ರೋನಿ ಸ್ಯಾನ್ಲೋ ಲೆಸ್ಬಿಯನ್ ಅನ್ನುವ ಕಾರಣಕ್ಕೆ, ಸ್ವಂತ ಮಕ್ಕಳ ಪದವಿ ಸಮಾರಂಭಕ್ಕೇ ಅವರನ್ನು ಬರಗೊಟ್ಟಿರಲಿಲ್ಲ. ಮೊದಲ ವರ್ಷ ಮೂರೇ ವಿದ್ಯಾರ್ಥಿಗಳು.

ಹಾಗಂತ ವಿರೋಧಿಸುವವರೆಲ್ಲ ಕೆಟ್ಟವರಲ್ಲ. ಗೆಳೆಯರು ತಾವಾಗಿ ಸೇರುವುದು ಒಂದು, ಆಡಳಿತವೇ ಬಣ್ಣ ನೋಡಿ ಗುಂಪು ಮಾಡಿ ದುಡ್ಡು ಕೊಡುವುದು ಇನ್ನೊಂದು ಅನ್ನುವ ವಾದದಲ್ಲಿ ಹುರುಳಿದೆ. 'ಏಷ್ಯನ್' ಅನ್ನುವ ಗುಂಪಂತೂ ನನಗೆ ಸುಮ್ನೆ ಅನ್ನಿಸುತ್ತದೆ. ಕೊರಿಯಾದವರಿಗೂ ಹಾಸನದವರಿಗೂ ಏನು ಸಂಬಂಧ ಮಾರಾಯ್ರೆ? ನನ್ನ ಕೇಳಿದರೆ ಮನೆಯಲ್ಲಿ ಮೊದಲು ಓದಿದವರದ್ದು ಎಲ್ಲಕ್ಕಿಂತ ಒಳ್ಳೆಯದು, ಅದರಲ್ಲಿ ಎಲ್ಲ ಬಣ್ಣದವರೂ ಬರುತ್ತಾರೆ. ಆದರೆ ಇದನ್ನು ಹಳೆಯ ಕಾಲದ ವರ್ಣಭೇದಕ್ಕೆ ಹೋಲಿಸುವುದು ಜಾಸ್ತಿ ಆಯಿತು. ಆಗ ಕಪ್ಪು ಮಕ್ಕಳನ್ನು ಬಾಗಿಲ ಹೊರಗೇ ನಿಲ್ಲಿಸುತ್ತಿದ್ದರು.

ಈಗ ಗಾಳಿ ಬದಲಾಗಿದೆ. ಟೆಕ್ಸಾಸ್‌ನಲ್ಲಿ 2024ರ ಜನವರಿಯಿಂದ ಜಾರಿಗೆ ಬಂದ ಕಾನೂನಿನಿಂದ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ಇವಕ್ಕೆ ದುಡ್ಡು ಕೊಡುವುದನ್ನು ನಿಲ್ಲಿಸಿದವು. 2025ರಲ್ಲಿ ಹಾರ್ವರ್ಡ್ ಕೂಡ ಕೈ ತೊಳೆದುಕೊಂಡಿತು. ಆದರೂ ಹಳೇ ವಿದ್ಯಾರ್ಥಿಗಳು, ವಿದ್ಯಾರ್ಥಿ ಸಂಘದವರು ಹಣ ಹೊಂದಿಸಿ ನಡೆಸುತ್ತಿದ್ದಾರೆ. ನನಗೆ ಇದೇ ಸರಿ ಕಾಣುತ್ತದೆ, ಬೇಕಾದವರು ಮಾಡಿಕೊಳ್ಳಲಿ, ಆಡಳಿತ ಹಾಲ್ ಕೊಟ್ಟು ಸುಮ್ಮನಿರಲಿ.

ನಿಮ್ಮ ಹುಡುಗಿಗೆ ಗೆಳತಿಯರಿದ್ದರೆ ಹೋಗಲಿ ಬಿಡಿ. ಆದರೆ ಅಕ್ಕ ಭಾವ ವಿಮಾನದ ಟಿಕೆಟ್ ತೆಗೆಯುವಾಗ ದೊಡ್ಡ ಸಮಾರಂಭದ ದಿನ ನೋಡಿಕೊಂಡೇ ತೆಗೆಯಲಿ. ಎಷ್ಟೋ ಕಡೆ ಒಬ್ಬ ವಿದ್ಯಾರ್ಥಿಗೆ ಇಷ್ಟೇ ಪಾಸ್ ಅಂತ ಇರುತ್ತದೆ, ಈಗಲೇ ವಿಚಾರಿಸಲು ಹೇಳಿ.